42 ನಿಮಿಷ, ಆರು ಮನಸ್ಸುಗಳು: ಡ್ರೀಮ್ ಥಿಯೇಟರ್ ಹಾಡಿನ ಕುರಿತು ಚರ್ಚೆ

ಸುಮಂತ: ಅಮೆರಿಕದ ರಾಕ್ ಸಂಗೀತ ತಂಡ ಡ್ರೀಮ್ ಥಿಯೇಟರ್ 2002ರಲ್ಲಿ ಹೊರತಂದ ‘ಸಿಕ್ಸ್ ಡಿಗ್ರೀಸ್ ಆಫ್ ಇನ್ನರ್ ಟರ್ಬುಲೆನ್ಸ್’ ಆಲ್ಬಮ್ಮಿನ ಎರಡನೆಯ ಡಿಸ್ಕಿನ ತುಂಬ ಅದೇ ಹೆಸರಿನ ಒಂದೇ ಹಾಡಿದೆ. ಎಂಟು ಭಾಗಗಳ ಈ ಹಾಡು ಮನಸ್ಸಿನ ಬೇರೆಬೇರೆ ಸಂಕಟಗಳಲ್ಲಿ ಸಿಲುಕಿದ ಆರು ಜನರ ಕಥೆ ಹೇಳುತ್ತದೆ. ವಾದ್ಯಗಾರಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಬ್ಬರ ಹಿಂದೆ ಒಬ್ಬರನ್ನು ಕರೆತಂದು ಐದಾರು ನಿಮಿಷಕ್ಕೆ ಕಳುಹಿಸಿಬಿಟ್ಟರೆ ಯಾರ ನೋವು ತಾನೇ ಕೇಳುಗನಲ್ಲಿ ಉಳಿದೀತು? ಯುದ್ಧದಿಂದ ಮರಳಿದ ಸೈನಿಕನಿಗೆ ದಕ್ಕಿರುವುದು ಎರಡೇ ನಿಮಿಷ.

ಅನುಪಮಾ: ಸುಮಂತ ಅವರೇ, ಮೊದಲ ಭಾಗವನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಕೀಬೋರ್ಡ್ ವಾದಕ ಜೋರ್ಡನ್ ರುಡೆಸ್ ರಚನೆಯಿಂದ ಹುಟ್ಟಿದ, ಸುಮಾರು ಏಳು ನಿಮಿಷಗಳ ಆ ಪೀಠಿಕೆಯ ಸಂಗೀತದಲ್ಲಿ, ಅಂದರೆ ಓವರ್ಚರ್‌ನಲ್ಲಿ ಮಾತಿಲ್ಲ. ಆದರೆ ಮುಂದೆ ಬರಲಿರುವವರ ಧಾಟಿಗಳು ಅದರಲ್ಲಿ ಒಂದೊಂದಾಗಿ ಕೇಳಿಸಿಹೋಗುವುದರಿಂದ, ಅವರು ಎದುರಾಗುವ ಹೊತ್ತಿಗೆ ನಮಗೆ ಪೂರ್ತಿ ಅಪರಿಚಿತರಾಗಿರುವುದಿಲ್ಲ. ಸೈನಿಕನ ಭಾಗ ಚಿಕ್ಕದಾಗಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅವನಿಗೆ ನೆನಪು ಸಾವಧಾನವಾಗಿ ಬರುವುದಿಲ್ಲ, ಮೈಮೇಲೆ ಎರಗುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಇಂಥ ಸಂಕಟಕ್ಕೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಒಂದು ಹೆಸರು ಸಿಕ್ಕಿದ್ದು 1980ರಲ್ಲಿ.

ರಾಘವೇಂದ್ರ: ನನಗೆ ಒಪ್ಪಿಗೆಯಾಗದಿರುವುದು ಏಳನೆಯ ಭಾಗ. ಎರಡನೆಯ ಭಾಗದಲ್ಲಿ ಎಲ್ಲರ ನಿರೀಕ್ಷೆಯನ್ನೂ ಹೊತ್ತು ಹಗಲಿರುಳು ದುಡಿದ ಹುಡುಗಿ ಒಂದು ದಿನ ಕುಸಿದು, ಹಾಸಿಗೆ ಬಿಟ್ಟೇಳಲಾಗದೆ ದಿನಗಟ್ಟಲೆ ಮಲಗುತ್ತಾಳೆ. ಏಳನೆಯ ಭಾಗದಲ್ಲಿ ಅವಳೇ ಮತ್ತೆ ಜೀವ ಬಂದಿತೆಂದು ಹಾಡುತ್ತಾಳೆ. ಇಷ್ಟು ಸುಲಭವಾಗಿ ಗುಣವಾಗುವ ಕಾಯಿಲೆಯೇ ಇದು?

ಅನುಪಮಾ: ಅಲ್ಲಿ ಅವಳು ಗುಣವಾಗಿಲ್ಲ, ರಾಘವೇಂದ್ರ ಅವರೇ, ಖಿನ್ನತೆ ಮತ್ತು ಅತಿ ಉತ್ಸಾಹಗಳ ನಡುವೆ ತೂಗಾಡಿಸುವ ಬೈಪೋಲಾರ್ ಕಾಯಿಲೆಯ ಇನ್ನೊಂದು ತುದಿಗೆ ಬಂದು ನಿಂತಿದ್ದಾಳೆ. ಎರಡನೆಯ ಭಾಗದಲ್ಲಿ ಬೇರೆ ಯಾರೋ ‘ಅವಳು’ ಎಂದು ಅವಳ ಕಥೆ ಹೇಳಿದರೆ, ಏಳನೆಯದರಲ್ಲಿ ಅವಳೇ ‘ನಾನು’ ಎಂದು ಹಾಡುತ್ತಾಳೆ. ತನ್ನನ್ನು ಯಾರೂ ಸೋಲಿಸಲಾರರು ಎನ್ನುತ್ತಾಳೆ. ಆದರೆ ಇಷ್ಟು ಎತ್ತರಕ್ಕೇರಿದ ತಾನು ಕೆಳಗೆ ಬೀಳುವಾಗ ಪಕ್ಕದಲ್ಲಿ ಯಾರಿರುತ್ತಾರೆ ಎಂದೂ ಕೇಳುತ್ತಾಳೆ. ರಾಗ ಉಲ್ಲಾಸದಿಂದ ತುಂಬಿರುವಾಗಲೇ ಈ ಪ್ರಶ್ನೆ ಬರುತ್ತದೆ. ಆ ಉಲ್ಲಾಸವೂ ಕಾಯಿಲೆಯದೇ ಭಾಗ ಎಂಬುದನ್ನು ಉಪನ್ಯಾಸ ಮಾಡದೆ ಕೇಳಿಸಿರುವುದರಿಂದಲೇ ಈ ಹಾಡು ನನಗೆ ದೊಡ್ಡದು.

ಶೈಲಜಾ: ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳಾಗಿ ಎರಡು ಮಾತು ಸೇರಿಸುತ್ತೇನೆ. ಐದನೆಯ ಭಾಗದಲ್ಲಿ ಮಗಳಿಂದ ದೂರವಾದ ತಾಯಿಯೊಬ್ಬಳು ಹಾಡುತ್ತಾಳೆ. ಹೆರಿಗೆಯ ನಂತರದ ಖಿನ್ನತೆಯ ಚಿತ್ರವೆಂದೇ ಹೆಚ್ಚಿನವರು ಅದನ್ನು ಓದುತ್ತಾರೆ. ಲಾಲಿಯಂತೆ ಶುರುವಾಗುವ ಆ ಭಾಗವನ್ನು ಕೇಳುವಾಗ, ಬಾಣಂತಿ ಸನ್ನಿ ಬಂದ ಹೆಂಗಸಿನ ಕೈಯಿಂದ ಮಗುವನ್ನು ಮೊದಲು ಕಿತ್ತುಕೊಂಡು ಆಮೇಲೆ ಮಾತಾಡಿಸುವ ನಮ್ಮ ಮನೆಗಳು ನೆನಪಾಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಾರ್ಡ್ ಇದೆ. ಹಾಗೆ ಅಗಲಿಸಬಾರದೆಂಬುದೇ ಅದರ ಹಿಂದಿನ ಕಾಳಜಿ.

ನನ್ನ ಆಕ್ಷೇಪ ಇರುವುದು ಆರನೆಯ ಭಾಗದ ಮೇಲೆ. ಎತ್ತಿಕೊಳ್ಳುವುದನ್ನು ಇಷ್ಟಪಡದ, ತನ್ನಷ್ಟಕ್ಕೆ ತಾನಿರುವ ಆ ಹುಡುಗನದು ಆಟಿಸಂ ಎಂಬ ಓದು ಒಪ್ಪುವಂಥದ್ದೇ. ಹಾಗಿದ್ದರೆ ಅದು ಮಾನಸಿಕ ಕಾಯಿಲೆಯಲ್ಲ, ಮಿದುಳು ಬೆಳೆಯುವ ರೀತಿಯಲ್ಲಿನ ಭಿನ್ನತೆ. ಅವನನ್ನು ಈ ಸಾಲಿನಲ್ಲಿ ನಿಲ್ಲಿಸಿದ್ದಲ್ಲದೆ, ದೊಡ್ಡವನಾದ ಮೇಲೆ ತನಗೇ ಅಪಾಯಕಾರಿಯಾದ ಎಂದು ಹಾಡಿರುವುದು ಹೆತ್ತವರ ಭಯವನ್ನು ಹೆಚ್ಚಿಸುತ್ತದೆ.

ಸುಮಂತ: ಏಳನೆಯ ಭಾಗದ ಬಗ್ಗೆ ಅನುಪಮಾ ಅವರ ಓದನ್ನು ಒಪ್ಪುತ್ತೇನೆ. ಆದರೂ ಕೊನೆಯ ಭಾಗದ ಅಬ್ಬರ ನನಗೆ ಭಾರವೇ. ದಿನವೂ ಕಪ್ಪು ಬಟ್ಟೆ ತೊಡುವ, ನಿನ್ನೆ ಏನಾಯಿತೆಂದು ನೆನಪಿರದ ಹೆಂಗಸಿನ ಚಿತ್ರ ಅಷ್ಟು ಸೂಕ್ಷ್ಮವಾಗಿರುವಾಗ, ತಕ್ಷಣವೇ ಆ ಮಹಾ ಸಮಾರೋಪ ಬಂದು ಅವಳನ್ನು ಮರೆಸಿಬಿಡುತ್ತದೆ.

ಶೈಲಜಾ: ಅಬ್ಬರ ಇದೆ, ನಿಜ. ಆದರೆ ಮನಸ್ಸಿನ ಅಸ್ವಸ್ಥತೆಯ ಬಗೆಗಿನ ನಾಚಿಕೆಯೇ ನಾವು ಪ್ರೀತಿಸುವವರನ್ನು ಉಳಿಸಿಕೊಳ್ಳದಂತೆ ತಡೆಯುತ್ತದೆ ಎಂಬ ಮಾತು ಬರುವುದು ಆ ಸಮಾರೋಪದಲ್ಲಿಯೇ. ಮಗಳ ಕಾಯಿಲೆಯನ್ನು ನೆಂಟರಿಂದ ಮುಚ್ಚಿಟ್ಟು, ಮದುವೆಯಾದರೆ ಸರಿಹೋಗುತ್ತಾಳೆ ಎಂದು ವರ್ಷಗಟ್ಟಲೆ ಕಾದು, ಕೈಮೀರಿದ ಮೇಲೆ ಆಸ್ಪತ್ರೆಗೆ ಬಂದವರನ್ನು ಕಂಡಿದ್ದೇನೆ. ಆ ಒಂದು ಮಾತನ್ನು ಇನ್ನೂ ಗಟ್ಟಿಯಾಗಿ ಹಾಡಿದ್ದರೂ ನನಗೆ ಹೆಚ್ಚೆನಿಸುತ್ತಿರಲಿಲ್ಲ.