ಕೂರ್ಮಪ್ಪನೋ, ಕೂರ್ಮಮ್ಮನೋ?

"ಕಣ್ಣು ಕೆಂಪಗಿದೆ. ಗಂಡೇ!" ಅಂತ ವೆಂಕಟೇಶ ತೀರ್ಪು ಕೊಟ್ಟ. ಕೈಯಲ್ಲಿ ಮೊಬೈಲು, ಅದರಲ್ಲಿ 'ನಿಮ್ಮ ಆಮೆ ಗಂಡೋ ಹೆಣ್ಣೋ, ಒಂದೇ ನಿಮಿಷದಲ್ಲಿ ತಿಳಿಯಿರಿ' ಅನ್ನೋ ವಿಡಿಯೊ. ಮೇಜಿನ ಮೇಲೆ ಶೀನ ಸಾಕಿದ ಆಮೆ, 'ಪೆಟ್ಟಿಗೆ ಆಮೆ' (ಬಾಕ್ಸ್ ಟರ್ಟಲ್) ಅನ್ನೋ ಬಗೆಯದು.

"ನಿನ್ನ ಕಣ್ಣೂ ಕೆಂಪಗಿದೆ, ರಾತ್ರಿಯೆಲ್ಲ ಇಂಥದ್ದನ್ನೇ ನೋಡಿ," ಅಂದೆ ನಾನು. "ಮೊದಲು ನಿನ್ನ ಕೆಂಪು ಅಂಗಿ ಬಿಚ್ಚಿಟ್ಟು ಬಾ. ಅದರ ಕಣ್ಣಲ್ಲಿ ಕಾಣ್ತಿರೋದು ನೀನೇ."

ಶೀನನಿಗೆ ಅವಸರ. "ಹಾಗಾದ್ರೆ ಕೂರ್ಮಪ್ಪ ಅಂತ ಬರೆಸಿಬಿಡಲಾ?"

"ತಾಳೋ," ಅಂದರು ಮೇಷ್ಟ್ರು. "ಗಂಡಿಗೆ ಸಾಮಾನ್ಯವಾಗಿ ಕೆಂಪುಗಣ್ಣು, ಹೆಣ್ಣಿಗೆ ಕಂದುಗಣ್ಣು, ನಿಜ. ಆದರೆ ಕಂದುಗಣ್ಣಿನ ಗಂಡೂ ಉಂಟು. ಹೊಟ್ಟೆ ನೋಡು. ಗಂಡಿಗೆ ಹೊಟ್ಟೆಚಿಪ್ಪು ಒಳಕ್ಕೆ ತಗ್ಗಿರುತ್ತೆ, ಹೆಣ್ಣಿಗೆ ಸಪಾಟು."

"ಯಾಕೆ ಸಾರ್ ತಗ್ಗು?"

"ಹೆಣ್ಣಿನ ಬೆನ್ನು ಗುಮ್ಮಟದ ಹಾಗಿರುತ್ತೆ. ಅದರ ಮೇಲೆ ಜಾರದೆ ನಿಲ್ಲಬೇಡವೇನಪ್ಪ?"

ಶೀನ ಆಮೆಯನ್ನ ಮೆಲ್ಲಗೆ ಎತ್ತಿದ. ಟಪ್! ಹೊಟ್ಟೆಚಿಪ್ಪಿನ ಕೀಲು ಮಡಚಿ, ಹಿಂದೆ ಮುಂದೆ ಎರಡೂ ಬಾಗಿಲು ಮುಚ್ಚಿತು. ತಲೆ, ಕಾಲು, ಬಾಲ, ಪುರಾವೆ, ಎಲ್ಲಾ ಒಳಗೆ.

ಹೊಟ್ಟೆಗೆ ಅಡ್ಡಲಾಗಿ ಸ್ಕೇಲು ಇಟ್ಟು ಬಗ್ಗಿ ನೋಡಿದರು ಮೇಷ್ಟ್ರು. ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. "ಹಿಂಗಾಲಿಗೆ ಮೂರೇ ಬೆರಳಿರೋ ಜಾತಿಯಾದರೆ ಗಂಡಿಗೂ ತಗ್ಗು ನೆಪಮಾತ್ರಕ್ಕೆ," ಅಂದರು. "ಬೆರಳು ಎಣಿಸು."

"ಬೆರಳೂ ಒಳಗೇ ಇದೆ ಸಾರ್."

ವೆಂಕಟೇಶ ವಿಡಿಯೊ ಮುಂದಕ್ಕೆ ಓಡಿಸಿದ. "ಹಿಂಗಾಲಿನ ಉಗುರು ದಪ್ಪಗೆ, ಕೊಕ್ಕೆಯ ಹಾಗೆ ಬಾಗಿದ್ದರೆ ಗಂಡು. ಉದ್ದಕ್ಕೆ, ನೆಟ್ಟಗಿದ್ದರೆ ಹೆಣ್ಣು. ಬಾಲ ದಪ್ಪಗೆ ಉದ್ದವಾಗಿದ್ದರೆ ಗಂಡು, ಮೋಟಾಗಿದ್ದರೆ ಹೆಣ್ಣು. ಒಂದೇ ನಿಮಿಷ ಸಾಕು ಅಂತಾರೆ."

"ವಿಡಿಯೊಗೆ ಒಂದು ನಿಮಿಷ. ಬಾಗಿಲು ತೆಗೆಯೋಕೆ ಎಷ್ಟು ನಿಮಿಷ ಅಂತ ಆಮೇನ ಕೇಳಿದಾರಾ?" ಅಂದೆ. "ಅದಿರಲಿ ಶೀನ, ಇದಕ್ಕೆ ವಯಸ್ಸೆಷ್ಟು?"

"ಮೂರು ವರ್ಷ."

ನನಗೆ ಸಿಟ್ಟು ಬಂದಿದ್ದು ಆಗಲೇ. "ಅಯ್ಯೋ ಮಾರಾಯ! ಇವು ವಯಸ್ಸಿಗೆ ಬರೋಕೆ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಬಹುದು. ಅಲ್ಲಿವರೆಗೂ ತಗ್ಗೂ ಇಲ್ಲ, ಕೊಕ್ಕೆಯೂ ಇಲ್ಲ. ಮೂರು ವರ್ಷದ ಮಗೂಗೆ ಮೀಸೆ ಹುಡುಕ್ತಾ ಕೂತಿದೀರಲ್ಲ!"

"ಹುಟ್ಟುವಾಗ ಏನಾದ್ರೂ ಒಂದು ಆಗಿರಲೇಬೇಕಲ್ಲ?" ವೆಂಕಟೇಶ ಬಿಡಲೊಲ್ಲ.

"ಅದೂ ಮಣ್ಣಿನ ಬಿಸಿ ನೋಡಿಕೊಂಡು," ಅಂದರು ಮೇಷ್ಟ್ರು. "ಮೊಟ್ಟೆ ಹೂತ ಜಾಗ 27 ಡಿಗ್ರಿಗಿಂತ ತಂಪಾಗಿದ್ದರೆ ಹೆಚ್ಚಿನವು ಗಂಡು, 28 ದಾಟಿದರೆ ಹೆಚ್ಚಿನವು ಹೆಣ್ಣು."

"ಒಂದೇ ಡಿಗ್ರಿಗೆ?"

"ಹೂಂ. ನಿಮ್ಮಮ್ಮ ಇನ್ನೊಂದು ಕಂಬಳಿ ಹೊದ್ದಿದ್ದರೆ ನೀನು ವೆಂಕಟಲಕ್ಷ್ಮಿ," ಅಂದೆ.

ಶೀನನಿಗೆ ಇದ್ಯಾವುದೂ ಬೇಕಿರಲಿಲ್ಲ. "ನಾನು ಕೊನೇಪಕ್ಷ ಏನಂತ ಕರೀಲಿ? ಮೊಟ್ಟೆ ಇಟ್ಟರೆ ಕೂರ್ಮಮ್ಮ ಅಂತ ಗೊತ್ತಾಗುತ್ತೆ. ಇಡದಿದ್ದರೆ?"

"ಕಾಯೋದು. ಐವತ್ತು ವರ್ಷ ದಾಟಿ ಬದುಕೋ ಪ್ರಾಣಿ ಅದು. ಅದಕ್ಕೇನು ಅವಸರ?"

ಮೇಷ್ಟ್ರು ಸ್ಕೇಲು ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳತೊಡಗಿದರು. "ಇನ್ನೊಂದು ಏಳು ವರ್ಷ ಅಂತ ಇಟ್ಟುಕೋ. ನನಗೀಗ ಎಪ್ಪತ್ತೊಂಬತ್ತು. ಗೊತ್ತಾದ ದಿನ ಹೇಳಿ ಕಳಿಸು ಶೀನ."

ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಒರೆಸಿದ ಗಾಜನ್ನೇ ಅವರು ಮತ್ತೆ ಮತ್ತೆ ಒರೆಸುತ್ತಿದ್ದರು. ವೆಂಕಟೇಶನೂ ಮೊಬೈಲನ್ನು ಬೋರಲು ಹಾಕಿದ. ಆ ಸದ್ದಡಗಿದ್ದಕ್ಕೋ ಏನೋ, ಮೇಜಿನ ಮೇಲಿನ ಪೆಟ್ಟಿಗೆ ಕೂದಲೆಳೆಯಷ್ಟು ತೆರೆಯಿತು. ಆಮೇಲೆ ಬೆರಳಷ್ಟು. ಒಳಗಿಂದ ಒಂದು ಕಣ್ಣು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿತು.

"ಸಾರ್, ಕೆಂಪು!" ಅಂತ ಕಿರುಚಿದ ವೆಂಕಟೇಶ.

ಟಪ್.