ಟೈರ್ ಸೀಳಿದ ಮೇಲೆ ಸ್ಟೇರಿಂಗ್ ಲೂಸ್: ಎಲ್ಲಿ ನೋಡಬೇಕು?

ಪ್ರಶ್ನೆ:
ನಮಸ್ಕಾರ ಅಣ್ಣ. ನಮ್ಮದು 2014ರ ಸ್ವಿಫ್ಟ್, ಊರು ಸಕಲೇಶಪುರ. ಶಿರಾಡಿ ಘಾಟಿಯಲ್ಲಿ ಎಡಗಡೆ ಮುಂದಿನ ಚಕ್ರ ಗುಂಡಿಗೆ ಬಡಿದು ಟೈರಿನ ಸೈಡ್ ಸೀಳಿತು. ತಿರುವಿನಲ್ಲಿ ನಿಲ್ಲಿಸಲು ಜಾಗ ಇರಲಿಲ್ಲ. ಅಗಲ ಸಿಗುವವರೆಗೆ ಗಾಳಿಯಿಲ್ಲದೆ ನಿಧಾನಕ್ಕೆ ತಂದು ಸ್ಟೆಪ್ನಿ ಹಾಕಿದೆ. ಆಮೇಲೆ ಆ ಒಂದೇ ಚಕ್ರಕ್ಕೆ ಹೊಸ ಟೈರ್ ಹಾಕಿಸಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಕೂಡ ಮಾಡಿಸಿದೆ. ಆದರೂ ಸ್ಟೇರಿಂಗ್ ಸಡಿಲ ಅನ್ನಿಸುತ್ತಿದೆ. 60 ದಾಟಿದರೆ ಗಾಡಿ ಅತ್ತಿತ್ತ ಹೋಗುತ್ತದೆ. ಟೈರ್ ಅಂಗಡಿಯವರು ಮತ್ತೊಮ್ಮೆ ಅಲೈನ್‌ಮೆಂಟ್ ಮಾಡೋಣ ಅನ್ನುತ್ತಾರೆ. ಮಾಡಿಸಲಾ?

ಉತ್ತರ (ಮೆಕ್ಯಾನಿಕ್):
ಬೇಡ ಮೇಡಂ, ಈಗಲೇ ಬೇಡ. ಜಾಯಿಂಟ್ ಆಡುತ್ತಿದ್ದರೆ ಅಲೈನ್‌ಮೆಂಟ್ ನಿಲ್ಲುವುದೇ ಇಲ್ಲ. ಮೆಷಿನ್ ಮೇಲೆ ಅಂಕಿ ಸರಿ ಬರುತ್ತದೆ, ರಸ್ತೆಗೆ ಇಳಿದ ಕೂಡಲೇ ಚಕ್ರ ತನ್ನ ದಾರಿ ಹಿಡಿಯುತ್ತದೆ. ಮೊದಲು ಲೂಸ್ ಎಲ್ಲಿದೆ ಅಂತ ಹುಡುಕೋಣ.

ಇದನ್ನು ಓದಿದ ತಕ್ಷಣ ವೀಲ್ ನಟ್ ನೋಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಗಾಡಿ ಅಲುಗಾಡುತ್ತಿದೆ ಅಂದರೆ ನನಗೆ ಮೊದಲು ಬರುವ ಅನುಮಾನ ಅದೇ. ಗಾಡಿ ನೆಲದ ಮೇಲೆ ಇರುವಾಗಲೇ ಪಾನಾ ಹಾಕಿ, ಎದುರುಬದುರು ಇರುವ ನಟ್‌ಗಳನ್ನು ಜೋಡಿಯಾಗಿ ಬಿಗಿ ಮಾಡಿ. ಹೊಸದಾಗಿ ಚಕ್ರ ಹಾಕಿದಾಗಲೆಲ್ಲ 50-100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡುವುದು ಒಳ್ಳೆಯದು. ಹಾಗೇ ನಾಲ್ಕೂ ಟೈರಿನ ಗಾಳಿ ತಣ್ಣಗಿರುವಾಗ ಚೆಕ್ ಮಾಡಿಸಿ.

ನಟ್ ಸರಿ ಇದ್ದರೆ ಮುಂದೆ. ಚಕ್ರ ನೇರ ಇಟ್ಟು, ಇಂಜಿನ್ ಆನ್ ಮಾಡಿ, ಸ್ಟೇರಿಂಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಡ-ಬಲ ಆಡಿಸಿ. ತಡೆ ಸಿಗುವ ಮೊದಲು ಅಂಚು ಎಷ್ಟು ಓಡುತ್ತದೆ ನೋಡಿ. ಸುಝುಕಿ ಮ್ಯಾನುವಲ್ ಪ್ರಕಾರ 30 ಮಿ.ಮೀ. ತನಕ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲೋ ಸವೆದಿದೆ ಅಥವಾ ಬಿಚ್ಚಿಕೊಂಡಿದೆ.

ಈಗ ಜಾಕ್ ಹಾಕಿ. ಸಮತಟ್ಟಾದ ಜಾಗ ಇರಲಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ಕೆಳಗೆ ಮಾತ್ರ ನುಗ್ಗಬೇಡಿ. ಎಡ ಚಕ್ರವನ್ನು ಗಡಿಯಾರದ 3 ಮತ್ತು 9 ಇರುವ ಕಡೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಟೈ ರಾಡ್ ಎಂಡ್ (ಸ್ಟೇರಿಂಗ್ ಕಡೆಯಿಂದ ಬರುವ ರಾಡನ್ನು ಚಕ್ರಕ್ಕೆ ಸೇರಿಸುವ ಜಾಯಿಂಟ್) ಅಥವಾ ಒಳಗಿನ ರ್‍ಯಾಕ್ ಎಂಡ್ (ಅದೇ ರಾಡಿನ ಒಳತುದಿಯ ಜಾಯಿಂಟ್). ಆಮೇಲೆ 12 ಮತ್ತು 6ರ ಕಡೆ ಹಿಡಿದು ಆಡಿಸಿ. ಅಲ್ಲಿ ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಲೋಯರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬಾಲ್ ಜಾಯಿಂಟ್. ಬಲ ಚಕ್ರಕ್ಕೂ ಇದೇ ಮಾಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಎಲ್ಲೂ ಆಟ ಇಲ್ಲ ಅಂದರೆ ಟೈರ್ ಕಡೆ ನೋಡಬೇಕು. ಒಂದು ಕಡೆ ಹೊಸ ಟೈರ್, ಇನ್ನೊಂದು ಕಡೆ ಸವೆದದ್ದು ಇದ್ದರೂ ಗಾಡಿ ಎಳೆಯುತ್ತದೆ. ಬಲಗಡೆ ಟೈರಿನ ಗ್ರಿಪ್ ಆಳ 1.6 ಮಿ.ಮೀ.ಗೆ ಬಂದಿದ್ದರೆ ಅದನ್ನೂ ಬದಲಿಸಲೇಬೇಕು. ಎಡಗಡೆ ರಿಮ್‌ನ ಒಳ ಅಂಚು ಬೆಂಡ್ ಆಗಿದೆಯಾ ಅಂತಲೂ ನೋಡಿ, ಹೊರಗಿನಿಂದ ಅದು ಕಾಣುವುದಿಲ್ಲ.

ಗುಂಪಿನ ಸದಸ್ಯ:
ನಮಗೆ ಹೀಗೇ ಆದಾಗ ಸ್ಟೇರಿಂಗ್ ರ್‍ಯಾಕ್ (ಸ್ಟೇರಿಂಗ್ ತಿರುಗಿಸಿದ್ದನ್ನು ಎರಡೂ ಚಕ್ರಕ್ಕೆ ತಲುಪಿಸುವ ಭಾಗ) ಪೂರ್ತಿ ಬದಲಿಸಬೇಕು ಅಂದರು. ಮೇಡಂ ಕೂಡ ಅದಕ್ಕೆ ರೆಡಿ ಇರಬೇಕಾ?

ಉತ್ತರ (ಮೆಕ್ಯಾನಿಕ್):
ರ್‍ಯಾಕ್ ಕೊನೆಯ ಮಾತು ಸರ್. ದುಬಾರಿ ಕೆಲಸ. ಹೊರಗಿನ ಜಾಯಿಂಟ್‌ಗಳನ್ನೆಲ್ಲ ನೋಡಿದ ಮೇಲೆ ಅಲ್ಲಿಗೆ ಹೋಗಬೇಕು. ಇನ್ನೊಂದು ಮಾತು. ಕೆಲವರು ಏನೂ ಬದಲಿಸದೆ ರ್‍ಯಾಕ್‌ನ ಅಡ್ಜಸ್ಟರ್ (ಬಿಗಿ ಹೊಂದಿಸುವ ಸ್ಕ್ರೂ) ಟೈಟ್ ಮಾಡಿ ಕಳಿಸುತ್ತಾರೆ. ಆಗ ಸ್ಟೇರಿಂಗ್ ಗಟ್ಟಿಯಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರುವುದಿಲ್ಲ. ಸವೆದ ಜಾಯಿಂಟ್ ಮಾತ್ರ ಹಾಗೇ ಉಳಿದಿರುತ್ತದೆ. ಘಾಟಿ ರಸ್ತೆಯವರಿಗೆ ಇದು ತುಂಬಾ ಅಪಾಯ, ದಯವಿಟ್ಟು ಒಪ್ಪಬೇಡಿ.

ಪ್ರಶ್ನೆ ಕೇಳಿದವರು:
ಅಣ್ಣ, ನಟ್ ಎಲ್ಲಾ ಬಿಗಿ ಇದೆ. 12-6ರಲ್ಲಿ ಏನೂ ಇಲ್ಲ. 3-9ರಲ್ಲಿ ಎಡ ಚಕ್ರ ಚೆನ್ನಾಗಿಯೇ ಆಡುತ್ತಿದೆ, ಬಲ ಇಲ್ಲ. ನೇರ ಹೋಗುವಾಗ ಸ್ಟೇರಿಂಗ್ ಸ್ವಲ್ಪ ಓರೆಯಾಗಿಯೂ ಇರುತ್ತದೆ. ನಿಧಾನಕ್ಕೆ ಹಾಸನದವರೆಗೆ ಓಡಿಸಬಹುದಾ?

ಉತ್ತರ (ಮೆಕ್ಯಾನಿಕ್):
ಓಡಿಸಬೇಡಿ ಮೇಡಂ. ನಿಧಾನಕ್ಕೂ ಬೇಡ. ಟೈ ರಾಡ್ ಎಂಡ್ ಕಳಚಿದರೆ ಆ ಚಕ್ರ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಊರಿನ ಮೆಕ್ಯಾನಿಕ್ ಅನ್ನೇ ಮನೆಗೆ ಕರೆಸಿ, ಇಲ್ಲವೇ ಟೋ ಮಾಡಿಸಿ.

ಬಂದವರಿಗೆ ಹೀಗೆ ಹೇಳಿ: ಚಕ್ರ ಆಡಿಸುತ್ತಾ ಟೈ ರಾಡ್ ಎಂಡ್ ಮೇಲೆ ಕೈ ಇಟ್ಟು ನೋಡಲಿ, ಆಮೇಲೆ ರಬ್ಬರ್ ಬೂಟ್ ಒತ್ತಿ ಒಳಗಿನ ರ್‍ಯಾಕ್ ಎಂಡ್ ನೋಡಲಿ. ಎಲ್ಲಿ ಬಡಿತ ಸಿಗುತ್ತದೋ ಅದನ್ನು ಬದಲಿಸಲಿ. ಸ್ಟೇರಿಂಗ್ ಓರೆ ಇದೆ ಅಂತ ಹೇಳಿದ್ದೀರಿ, ಹಾಗಾಗಿ ರಾಡ್ ಬೆಂಡ್ ಆಗಿರಬಹುದು. ಬೆಂಡ್ ಆಗಿದ್ದನ್ನು ಬಡಿದು ನೇರ ಮಾಡಲು ಬಿಡಬೇಡಿ, ಹೊಸದೇ ಬೇಕು. ಹಳೆಯ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತು ಎಣಿಸಿಕೊಂಡು, ಹೊಸದನ್ನು ಅಷ್ಟೇ ಸುತ್ತು ಹಾಕಲಿ. ಆಗ ಅಲೈನ್‌ಮೆಂಟ್ ಅಂಗಡಿಯವರೆಗೆ ಹೋಗುವಷ್ಟು ನೇರ ಸಿಗುತ್ತದೆ. ಸ್ಪ್ಲಿಟ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಪಿನ್) ಇದ್ದರೆ ಹೊಸದು ಹಾಕಿಸಿ, ಲಾಕ್ ನಟ್ ಬಿಗಿಯಾಯಿತಾ ಅಂತ ಎದುರಿಗೇ ನೋಡಿ.

ಅಲೈನ್‌ಮೆಂಟ್ ಅದಾದ ಮೇಲೆ. ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಎಡ-ಬಲ ಕ್ಯಾಂಬರ್‌ನಲ್ಲಿ (ಚಕ್ರ ಒಳಗೋ ಹೊರಗೋ ವಾಲಿರುವ ಕೋನ) ದೊಡ್ಡ ವ್ಯತ್ಯಾಸ ಇದ್ದರೆ ಲೋಯರ್ ಆರ್ಮ್‌ಗೋ ಸ್ಟ್ರಟ್‌ಗೋ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಪೆಟ್ಟು ಬಿದ್ದಿರಬಹುದು. ಆ ಪ್ರಿಂಟ್ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.