ಕಡಿಮೆ ಬೆಲೆಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ವಿಆರ್ ಗೇಮ್ ಆಡಬಹುದಾ? ಬಳಸಿದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮಗ ಡಲ್ಲಾಸ್‌ನಲ್ಲಿದ್ದಾರೆ. ದೀಪಾವಳಿಗೆ ಬರುವಾಗ ತಾವು ಬಳಸುತ್ತಿದ್ದ ಕ್ವೆಸ್ಟ್ 2, ಅಂದರೆ ಮೆಟಾ ಕಂಪನಿಯ, ಕಣ್ಣಿಗೆ ಹಾಕಿಕೊಳ್ಳುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ನನಗೆ ಕೊಡುತ್ತೇನೆ ಅಂದಿದ್ದಾರೆ. ನನ್ನ ಪಿಸಿಯಲ್ಲಿ ಇರುವುದು ಐ5 10400ಎಫ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1650 4 ಜಿಬಿ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಬೀಟ್ ಸೇಬರ್, ಅಸೆಟ್ಟೊ ಕೋರ್ಸಾ, ಹಾಫ್-ಲೈಫ್ ಅಲಿಕ್ಸ್ ಆಡುವ ಆಸೆ. ಒಂದು ಅಂಗಡಿಯವರು 1650ರಲ್ಲಿ ವಿಆರ್ ಓಪನ್ನೇ ಆಗಲ್ಲ ಅಂದರು. ಇನ್ನೊಬ್ಬರು ಯಾವ ಕಾರ್ಡ್ ಆದರೂ ನಡೆಯುತ್ತದೆ ಅಂದರು. ಕಾರ್ಡ್ ಬದಲಿಸಲೇಬೇಕು ಅಂದರೆ ಕೈಯಲ್ಲಿ 15 ಸಾವಿರ ಇದೆ, ಅದಕ್ಕಿಂತ ಜಾಸ್ತಿ ಆಗಲ್ಲ. ನಿಜವಾಗಿ ಆಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ, ಮೈಸೂರಿನಿಂದ

ಇದೇ 1650, ಇದೇ ಕ್ವೆಸ್ಟ್ 2 ಇಟ್ಟುಕೊಂಡು ನಾನು ಒಂದು ವರ್ಷದ ಮೇಲೆ ಆಡಿದ್ದೇನೆ. ಆಮೇಲೆ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ತಗೊಂಡೆ. ಎರಡನ್ನೂ ನೋಡಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ಬೀಟ್ ಸೇಬರ್ ಆಡುವುದಕ್ಕೆ ನಿಮಗೆ ಪಿಸಿಯೇ ಬೇಡ. ಕ್ವೆಸ್ಟ್ 2ರ ಒಳಗೇ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್‌ಆರ್2 ಚಿಪ್ ಇದೆ. ಆ ಗೇಮ್ ನೇರವಾಗಿ ಹೆಡ್‌ಸೆಟ್‌ನಲ್ಲೇ ಓಡುತ್ತದೆ, ಅದೂ ತುಂಬಾ ಚೆನ್ನಾಗಿ. ಪಿಸಿ ಗೇಮ್ ಮಾರುವ ಸ್ಟೀಮ್‌ನಲ್ಲಂತೂ ಕೊಳ್ಳಬೇಡಿ. ಅಲ್ಲಿ ಕೊಂಡರೆ ಪಿಸಿಯಲ್ಲಿ ಮಾತ್ರ ಸಿಗುತ್ತದೆ, ಹೆಡ್‌ಸೆಟ್‌ಗೆ ಮತ್ತೆ ದುಡ್ಡು ಕೊಡಬೇಕು. ಸೂಪರ್‌ಹಾಟ್, ಪಿಸ್ಟಲ್ ವಿಪ್ ಇವೂ ಹಾಗೆಯೇ. ಅಂದರೆ ನಿಮ್ಮ ಮೂರು ಗೇಮ್‌ಗಳಲ್ಲಿ ಕಾರ್ಡ್ ಬೇಕಾಗಿರುವುದು ಎರಡಕ್ಕೆ ಮಾತ್ರ.

ಅಂಗಡಿಯವರಿಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ನಿಜ ಇದೆ. 2016ರಲ್ಲಿ ರಿಫ್ಟ್, ವೈವ್ ಅನ್ನುವ ವಿಆರ್ ಹೆಡ್‌ಸೆಟ್‌ಗಳು ಬಂದಾಗ ಜಿಟಿಎಕ್ಸ್ 970 ಇದ್ದರೆ ಸಾಕು ಅನ್ನುತ್ತಿದ್ದರು. ಆ ಮಾತು ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ. ಆದರೆ ಆ ಹೆಡ್‌ಸೆಟ್‌ಗಳ ಎರಡೂ ಕಣ್ಣಿನ ಪರದೆ ಸೇರಿ 2160 x 1200, ಅಂದರೆ ಸುಮಾರು 26 ಲಕ್ಷ ಪಿಕ್ಸೆಲ್. ಕ್ವೆಸ್ಟ್ 2ರಲ್ಲಿ ಒಂದು ಕಣ್ಣಿಗೇ 1832 x 1920. ಎರಡೂ ಸೇರಿ 70 ಲಕ್ಷ. ನೀವು ಈಗ ಆಡುತ್ತಿರುವ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇರುವುದು ಬರೀ 21 ಲಕ್ಷ. ಮಾನಿಟರ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರುತ್ತಿದೆ ಅಂತ ವಿಆರ್ ಲೆಕ್ಕ ಹಾಕಿದರೆ ತಪ್ಪುವುದು ಇಲ್ಲೇ.

ಇನ್ನೊಂದು ವ್ಯತ್ಯಾಸ ಇದೆ. ಮಾನಿಟರ್‌ನಲ್ಲಿ ಫ್ರೇಮ್ 60ರಿಂದ 45ಕ್ಕೆ ಇಳಿದರೆ ಸ್ವಲ್ಪ ಕಿರಿಕಿರಿ, ಅಷ್ಟೇ. ವಿಆರ್‌ನಲ್ಲಿ ತಲೆ ಸುತ್ತುತ್ತದೆ. ಕ್ವೆಸ್ಟ್ 2ನ್ನು 72 ಹರ್ಟ್ಸ್‌ನಲ್ಲಿ ಇಟ್ಟರೆ ಕಾರ್ಡ್‌ಗೆ ಒಂದು ಚಿತ್ರ ಬಿಡಿಸಲು ಸಿಗುವ ಸಮಯ 13.9 ಮಿಲಿಸೆಕೆಂಡ್. 90ಕ್ಕೆ ಇಟ್ಟರೆ 11.1. ಆ ಹೊತ್ತಿನೊಳಗೆ ಮುಗಿಯದಿದ್ದರೆ ಮೆಟಾದ ಸಾಫ್ಟ್‌ವೇರ್ ಗೇಮ್ ಅನ್ನು ಅರ್ಧಕ್ಕೆ, ಅಂದರೆ 72ರಲ್ಲಿದ್ದರೆ 36 ಫ್ರೇಮ್‌ಗೆ ಇಳಿಸಿ, ನಡುವಿನ ಚಿತ್ರವನ್ನು ಊಹಿಸಿ ತಾನೇ ತುಂಬುತ್ತದೆ. ನಿಧಾನದ ಗೇಮ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ರೇಸಿಂಗ್‌ನಲ್ಲಿ ಸ್ಟೀರಿಂಗ್ ಸುತ್ತ, ಪಕ್ಕದ ಕಂಬಗಳ ಸುತ್ತ ಅಂಚು ನೀರಿನಂತೆ ಅಲುಗಾಡುತ್ತದೆ. ಹಾಗಾಗಿ 1650 ಇರುವವರು 90, 120ರ ಆಸೆ ಬಿಡಬೇಕು. 72ರಲ್ಲಿ ಗಟ್ಟಿಯಾಗಿ ನಿಂತರೆ ಅದೇ ಒಳ್ಳೆಯ ಅನುಭವ.

ಈಗ ಯಾರೂ ಹೇಳದ ವಿಷಯಕ್ಕೆ ಬರುತ್ತೇನೆ. ಪಿಸಿಯಿಂದ ಕ್ವೆಸ್ಟ್‌ಗೆ ಹಾಕುವ ಲಿಂಕ್ ಕೇಬಲ್ ಮಾನಿಟರ್ ಕೇಬಲ್ ತರಹ ಅಲ್ಲ. ಅದು ಯುಎಸ್‌ಬಿ. ಕಾರ್ಡ್ ಚಿತ್ರ ಬಿಡಿಸಿದ ಮೇಲೆ ಅದನ್ನು ವಿಡಿಯೋ ಮಾಡಿ, ಒತ್ತಿ ಸಣ್ಣದು ಮಾಡಿ ಕಳಿಸಬೇಕು. ಹೆಡ್‌ಸೆಟ್ ಅದನ್ನು ಬಿಚ್ಚಿ ತೋರಿಸುತ್ತದೆ. ಒತ್ತುವ ಕೆಲಸಕ್ಕೆ ಕಾರ್ಡ್‌ನಲ್ಲಿ ಎನ್‌ಕೋಡರ್ ಅಂತ ಬೇರೆ ಭಾಗವೇ ಇದೆ. ವೈರ್‌ಲೆಸ್‌ನಲ್ಲಿ ಆಡಿದರೂ ಇದೇ ಕಥೆ. ವೈವ್, ವಾಲ್ವ್ ಇಂಡೆಕ್ಸ್ ತರಹದ ಹೆಡ್‌ಸೆಟ್‌ಗಳು ನೇರ ಡಿಸ್‌ಪ್ಲೇ ಕೇಬಲ್‌ನಲ್ಲಿ ಚಿತ್ರ ತಗೊಳ್ಳುತ್ತವೆ, ಅಲ್ಲಿ ಈ ತಲೆನೋವಿಲ್ಲ. ಕ್ವೆಸ್ಟ್ ಇರುವವರು ಮಾತ್ರ ಕಾರ್ಡ್ ಕೊಳ್ಳುವಾಗ ವೇಗದ ಜೊತೆ ಎನ್‌ಕೋಡರ್ ಅನ್ನೂ ನೋಡಲೇಬೇಕು.

1650ರ ವಿಷಯದಲ್ಲಿ ಇದು ಮುಖ್ಯ. ಜಿಟಿಎಕ್ಸ್ 1650ರಲ್ಲಿ ಇರುವುದು ಹಿಂದಿನ ಪೀಳಿಗೆಯ ಎನ್‌ಕೋಡರ್. 1650 ಸೂಪರ್ ಅಂತ ಬಂತಲ್ಲ, ಅದರಲ್ಲಿ ಹೊಸದು ಇದೆ. ಲಿಂಕ್‌ಗೆ ಯಾವ ಕಾರ್ಡ್ ನಡೆಯುತ್ತದೆ ಅನ್ನುವ ಮೆಟಾದ ಪಟ್ಟಿಯಲ್ಲೂ ಸೂಪರ್‌ಗೆ ಜಾಗ ಇತ್ತು, ಬರೀ 1650ಕ್ಕೆ ಇರಲಿಲ್ಲ. ಅಂಗಡಿಯವರು ಓಪನ್ನೇ ಆಗಲ್ಲ ಅಂದಿದ್ದು ಬಹುಶಃ ಇದನ್ನು ನೋಡಿ. ನನ್ನಲ್ಲಿ ಓಪನ್ ಆಗುತ್ತಿತ್ತು. ನಿಮ್ಮ ಪಿಸಿ ಸಾಲದು ಅನ್ನುವ ಎಚ್ಚರಿಕೆ ಬರುತ್ತಿತ್ತು, ಮುಚ್ಚಿ ಮುಂದೆ ಹೋಗುತ್ತಿದ್ದೆ.

ಅಸೆಟ್ಟೊ ಕೋರ್ಸಾ ಬಗ್ಗೆ ಮನಸ್ಸು ತುಂಬಿ ಹೇಳುತ್ತೇನೆ, ಅದು 1650ರಲ್ಲಿ ಆಡಬಹುದು. 2014ರ ಗೇಮ್, ಹಗುರ ಇದೆ. ನಾನು ಮಾಡಿದ್ದು ಇಷ್ಟು. ಈ ಗೇಮ್ ತೆರೆಯಲು ಬಳಸುವ ಕಂಟೆಂಟ್ ಮ್ಯಾನೇಜರ್ ಅನ್ನುವ ಆ್ಯಪ್ ಹಾಕಿಕೊಂಡು ಅದರಲ್ಲಿ ಆಕ್ಯುಲಸ್ (ಕ್ವೆಸ್ಟ್‌ನ ಹಳೆಯ ಹೆಸರು) ಅಂತ ಆರಿಸಿದೆ. ಆಗ ನಡುವೆ ಸ್ಟೀಮ್‌ನವರ ಸ್ಟೀಮ್‌ವಿಆರ್ ಸಾಫ್ಟ್‌ವೇರ್ ಬರುವುದಿಲ್ಲ, ಅಷ್ಟು ಭಾರ ತಪ್ಪುತ್ತದೆ. ಪೋಸ್ಟ್ ಪ್ರೊಸೆಸಿಂಗ್ ಪೂರ್ತಿ ಆಫ್. ನೆರಳು ಕಡಿಮೆ. ಕಾರಿನ ಕನ್ನಡಿಯ ರೆಸಲ್ಯೂಷನ್ ತೀರಾ ಕೆಳಗೆ. ಮೆಟಾ ಆ್ಯಪ್‌ನಲ್ಲಿ ರೆಸಲ್ಯೂಷನ್ ಪಟ್ಟಿಯನ್ನು ಎಡಕ್ಕೆ ಎಳೆದು, ಹರ್ಟ್ಸ್ ಅನ್ನು 72ಕ್ಕೆ ಇಟ್ಟೆ. ಒಬ್ಬನೇ ಟ್ರ್ಯಾಕ್‌ನಲ್ಲಿ ಓಡಿಸುವಾಗ ಒಂದೂ ತೊಂದರೆ ಇಲ್ಲ. ಜೊತೆಗೆ 15, 20 ಕಾರು ಬಿಟ್ಟರೆ ಎಡವುತ್ತದೆ, ಆದರೆ ಅಲ್ಲಿ ಅರ್ಧ ತಪ್ಪು ಪ್ರೊಸೆಸರ್‌ದು. ಕಾರಿನ ಒಳಗೆ ಕೂತು ಕತ್ತು ತಿರುಗಿಸಿ ಪಕ್ಕದ ತಿರುವು ನೋಡಿದ ಆ ಮೊದಲ ಸಲ ನನಗೆ ಇನ್ನೂ ನೆನಪಿದೆ. ಚಿತ್ರ ಸ್ವಲ್ಪ ಮಸುಕು ಇತ್ತು. ಆದರೂ ಮಾನಿಟರ್‌ನಲ್ಲಿ ಮತ್ತೆ ರೇಸ್ ಆಡಲು ಮನಸ್ಸಾಗಲಿಲ್ಲ.

ಅಲಿಕ್ಸ್ ಬೇರೆ ಮಾತು. ವಾಲ್ವ್ ಅದಕ್ಕೆ ಹೇಳಿರುವ ಕನಿಷ್ಠ ಕಾರ್ಡೇ ಜಿಟಿಎಕ್ಸ್ 1060 ಅಥವಾ ಆರ್‌ಎಕ್ಸ್ 580, ಜೊತೆಗೆ 6 ಜಿಬಿ ಮೆಮೊರಿ. ನಿಮ್ಮದು 4. ಆ ಗೇಮ್ ಕಾರ್ಡ್‌ನ ಶಕ್ತಿ ನೋಡಿ ರೆಸಲ್ಯೂಷನ್ ತಾನೇ ಇಳಿಸಿಕೊಳ್ಳುತ್ತದೆ, ಹಾಗಾಗಿ ಓಡುತ್ತದೇನೋ ಹೌದು. ನಾನು ಮೊದಲ ಎರಡು ಅಧ್ಯಾಯ ಆಡಿ ನಿಲ್ಲಿಸಿಬಿಟ್ಟೆ. ಅಷ್ಟು ಚೆನ್ನಾಗಿ ಮಾಡಿರುವ ಗೇಮ್ ಅನ್ನು ಮಂಜಿನ ಒಳಗೆ ನೋಡಬೇಡಿ. 6600 ಬಂದ ಮೇಲೆ ಮೊದಲಿಂದ ಆಡಿದೆ. ಕಾದಿದ್ದು ಸಾರ್ಥಕ ಆಯಿತು.

ಕೊಳ್ಳುವುದಾದರೆ 15 ಸಾವಿರಕ್ಕೆ ನನ್ನ ಮಾತು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600. 8 ಜಿಬಿ ಇದೆ, 132 ವ್ಯಾಟ್, ಕಂಪನಿಯೇ 450 ವ್ಯಾಟ್ ಎಸ್‌ಎಂಪಿಎಸ್ ಸಾಕು ಅಂದಿದೆ. ನನಗೆ 13,500ಕ್ಕೆ ಸಿಕ್ಕಿತು. ಆರ್‌ಟಿಎಕ್ಸ್ 2060 ಸಿಕ್ಕರೂ ಒಳ್ಳೆಯದೇ, ಎನ್‌ಕೋಡರ್ ಚೆನ್ನಾಗಿದೆ, ಆದರೆ 6 ಜಿಬಿ ಮತ್ತು 160 ವ್ಯಾಟ್. 3060ಕ್ಕೆ 550 ವ್ಯಾಟ್ ಬೇಕು, ಆಗ ಎಸ್‌ಎಂಪಿಎಸ್ ಖರ್ಚೂ ಸೇರುತ್ತದೆ. ಎದುರಿಗೇ ಹಾಕಿಸಿ, ಅರ್ಧ ಗಂಟೆ ಗೇಮ್ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ನಾನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಇಡೀ ಶನಿವಾರ ಇದಕ್ಕೇ ಇಟ್ಟಿದ್ದೆ.

ಉತ್ತರ, ಬೆಂಗಳೂರಿನಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ನನ್ನದು ಲ್ಯಾಪ್‌ಟಾಪ್, ಆರ್‌ಟಿಎಕ್ಸ್ 3050, ಅದೂ 4 ಜಿಬಿಯೇ. ಎನ್‌ಕೋಡರ್ ಹೊಸದು, ಆದ್ದರಿಂದ ಚಿತ್ರ ಕಳಿಸುವುದರಲ್ಲಿ ತೊಂದರೆ ಇಲ್ಲ. ನನಗೆ ಕಾಟ ಕೊಟ್ಟಿದ್ದು ಆ 4 ಜಿಬಿ.

ಹೇಗೆ ಗೊತ್ತಾಯಿತು ಅಂದರೆ, ವಿಆರ್‌ನಲ್ಲಿ ಜನ ಸೇರಿ ಹರಟುವ ವಿಆರ್‌ಚಾಟ್‌ನಲ್ಲಿ ಜನ ಕಡಿಮೆ ಇದ್ದಾಗ ಸರಾಗವಾಗಿ ಇರುತ್ತಿತ್ತು. ಜನ ಬರುತ್ತಾ ಬರುತ್ತಾ ಇದ್ದಕ್ಕಿದ್ದಂತೆ ಒಂದು ಸೆಕೆಂಡ್ ನಿಂತುಬಿಡುವುದು, ಮತ್ತೆ ಓಡುವುದು. ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಮೆಮೊರಿ ನೋಡಿದರೆ ಪೂರ್ತಿ ತುಂಬಿದೆ. ತುಂಬಿದ ಮೇಲೆ ಪಿಸಿ ತನ್ನ ಮಾಮೂಲಿ ರ‍್ಯಾಮ್ ಬಳಸುತ್ತದೆ, ಅದು ಕಾರ್ಡ್‌ಗೆ ತುಂಬಾ ನಿಧಾನ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್‌ಚರ್ ಇಳಿಸಿ, ಬ್ರೌಸರ್ ಮುಚ್ಚಿ ಆಡಿದರೆ ಎಷ್ಟೋ ವಾಸಿ. ತಮ್ಮಾ, ಹೊಸ ಕಾರ್ಡ್ ಅಂತ ಯಾರಾದರೂ 4 ಜಿಬಿದು ತೋರಿಸಿದರೆ ಅಗ್ಗ ಅಂತ ತಗೋಬೇಡ.

ಇನ್ನೊಂದು, ತಲೆ ಸುತ್ತಿದರೆ ತಡೆದುಕೊಂಡು ಆಡಬೇಡ. ತಕ್ಷಣ ತೆಗೆದು ಫ್ಯಾನ್ ಕೆಳಗೆ ಕೂರು. ನಾನು ಮೊದಲ ವಾರ ಹಟ ಹಿಡಿದು ಆಡಿದೆ, ಆಮೇಲೆ ಹೆಡ್‌ಸೆಟ್ ನೋಡಿದರೇ ಹೊಟ್ಟೆ ತೊಳಸುತ್ತಿತ್ತು. ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ ಸರಿ ಮಾಡಿಕೊಂಡೆ.

ಉತ್ತರ, ಹುಬ್ಬಳ್ಳಿಯಿಂದ

ಎರಡು ಎಚ್ಚರಿಕೆ ಅಷ್ಟೇ. ಆರ್‌ಎಕ್ಸ್ 6500 ಎಕ್ಸ್‌ಟಿ, ಆರ್‌ಎಕ್ಸ್ 6400 ಇವೆರಡು ನಿಮ್ಮ ಬಜೆಟ್‌ಗೆ ಹೊಸದಾಗಿಯೇ ಸಿಗುತ್ತವೆ. ಆದರೆ ಅವುಗಳಲ್ಲಿ ವಿಡಿಯೋ ಎನ್‌ಕೋಡರ್ ಇಲ್ಲವೇ ಇಲ್ಲ. ಕ್ವೆಸ್ಟ್‌ಗೆ ಅವು ಆಗುವುದಿಲ್ಲ. ಅದರ ಮೇಲೆ ಬರೀ ನಾಲ್ಕು ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ). ನಿಮ್ಮ 10ನೇ ಪೀಳಿಗೆಯ ಬೋರ್ಡ್‌ನಲ್ಲಿ ಪಿಸಿಐಇ 3 ಇರುವುದರಿಂದ ಇನ್ನೂ ಸೊರಗುತ್ತವೆ.

ಎರಡನೆಯದು ಬೇರೆ ಓದುಗರಿಗೆ. ಹಳೆಯ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಹೆಡ್‌ಸೆಟ್‌ಗಳು ಈಗ ತುಂಬಾ ಅಗ್ಗಕ್ಕೆ ಮಾರಾಟಕ್ಕೆ ಬರುತ್ತಿವೆ. ಕಾರಣ ಇದೆ. 2024ರ ವಿಂಡೋಸ್ 11 24ಎಚ್2ರಿಂದ ಮೈಕ್ರೋಸಾಫ್ಟ್ ಅವು ನಡೆಯಲು ಬೇಕಾದ ಸಾಫ್ಟ್‌ವೇರನ್ನು ತೆಗೆದುಹಾಕಿದೆ. ಗೊತ್ತಿಲ್ಲದೆ ತಗೊಂಡು ಕೈ ಸುಟ್ಟುಕೊಳ್ಳಬೇಡಿ.

ಉತ್ತರ, ಮಂಗಳೂರಿನಿಂದ

ಕಾರ್ಡ್ ಬಗ್ಗೆ ಎಲ್ಲ ಬಂತು. ಕೇಬಲ್ ಇಲ್ಲದೆ ಆಡುವ ಯೋಚನೆ ಇದ್ದರೆ ರೂಟರ್ 5 ಗಿಗಾಹರ್ಟ್ಸ್ ಇರಬೇಕು, ಆಡುವ ಕೋಣೆಯಲ್ಲೇ ಇರಬೇಕು, ಪಿಸಿಯಿಂದ ರೂಟರ್‌ಗೆ ವೈರ್ ಹಾಕಿರಬೇಕು. ಪಿಸಿಯೂ ವೈಫೈಯಲ್ಲೇ ಇದ್ದರೆ ಎಂಥ ಕಾರ್ಡ್ ಹಾಕಿದರೂ ಚಿತ್ರ ಒಡೆಯುತ್ತದೆ. ನಾನು ಕಾರ್ಡ್ ದೋಷ ಅಂತ ಒಂದು ತಿಂಗಳು ಅದನ್ನೇ ಜಾಲಾಡಿದೆ, ಕೊನೆಗೆ ಬೇಕಾಗಿದ್ದದ್ದು ಒಂದು ಲ್ಯಾನ್ ವೈರ್.

ಹೆಡ್‌ಸೆಟ್ ಅನ್ನು ಕಿಟಕಿ ಹತ್ತಿರ ಲೆನ್ಸ್ ಮೇಲೆ ಮಾಡಿ ಇಡಲೇಬೇಡಿ. ಬಿಸಿಲು ಲೆನ್ಸ್ ಮೂಲಕ ಒಳಗಿನ ಪರದೆ ಸುಡುತ್ತದೆ. ಸೀಲಿಂಗ್ ಫ್ಯಾನ್ ಕೆಳಗೆ ನಿಂತು ಬೀಟ್ ಸೇಬರ್ ಆಡಬೇಡಿ, ಕೈ ಮೇಲೆ ಹೋಗುವುದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಹಬ್ಬ ಕಳೆದು ಮೂರು ವಾರದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ ಹೆಡ್‌ಸೆಟ್ ಕೊಟ್ಟು ಹೋದರು. ಕಾರ್ಡ್ ಕೊಳ್ಳುವ ಮೊದಲು ಇರುವುದರಲ್ಲೇ ನೋಡೋಣ ಅಂತ ಕೂತೆ.

ಬೀಟ್ ಸೇಬರ್ ಹೆಡ್‌ಸೆಟ್‌ನಲ್ಲೇ ಹಾಕಿಕೊಂಡೆ. ಮನೆಯಲ್ಲಿ ಎಲ್ಲರೂ ಸರದಿ ಹಚ್ಚಿ ಆಡುತ್ತಿದ್ದಾರೆ. ಅಸೆಟ್ಟೊ ಕೋರ್ಸಾಗೆ ಮೈಸೂರಿನ ಅಣ್ಣ ಹೇಳಿದಂತೆಯೇ ಎಲ್ಲ ಇಟ್ಟೆ. ಮೆಟಾ ಆ್ಯಪ್ ಜೊತೆ ಬರುವ ಡೀಬಗ್ ಟೂಲ್‌ನಲ್ಲಿ ಒಂದು ಚಿತ್ರಕ್ಕೆ ಹಿಡಿಯುವ ಸಮಯ ನೋಡಿದೆ. ಒಬ್ಬನೇ ಇದ್ದಾಗ 11ರಿಂದ 12 ಮಿಲಿಸೆಕೆಂಡ್. ಆರು ಕಾರು ಬಿಟ್ಟರೆ 13ರ ಹತ್ತಿರ, ಹೇಗೋ ನಿಲ್ಲುತ್ತದೆ. ಹತ್ತು ದಾಟಿದರೆ 14 ಮೀರುತ್ತದೆ, ಆ ಅಲುಗಾಟ ಶುರು. ಆರೇ ಸಾಕು ಅಂತ ಇಟ್ಟುಕೊಂಡಿದ್ದೇನೆ. ಕೇಬಲ್ ಮಾತ್ರ 5 ಮೀಟರ್‌ದು ಹೊಸದು ತಗೊಂಡೆ, ಹಳೆಯದು ಗಿಡ್ಡ ಆಗುತ್ತಿತ್ತು.

ಅಲಿಕ್ಸ್ ಮುಟ್ಟಿಲ್ಲ. ಬೆಂಗಳೂರಿನ ಅಕ್ಕ ಹೇಳಿದ ಹಾಗೆ 4 ಜಿಬಿ ಕಾರ್ಡ್ ಕಡೆ ತಿರುಗಿಯೂ ನೋಡುವುದಿಲ್ಲ. ಒಳ್ಳೆಯ ಸ್ಥಿತಿಯ 6600 ಸಿಗುವವರೆಗೆ ಆ 15 ಸಾವಿರ ಹಾಗೆಯೇ ಇರುತ್ತದೆ. ಒಂದೇ ಒಂದು ಅನುಮಾನ. ನನ್ನ 1650ಕ್ಕೆ ಬೇರೆ ಪವರ್ ವೈರ್ ಇಲ್ಲ, 6600ಕ್ಕೆ ಎಂಟು ಪಿನ್ ಬೇಕು ಅಂತ ಓದಿದೆ. ಎಸ್‌ಎಂಪಿಎಸ್ ಕೇಬಲ್ ಕಂತೆಯಲ್ಲಿ 6+2 ಅಂತ ಒಂದು ಇದೆ. ಅದೇ ಅಲ್ವಾ?

ಮೈಸೂರಿನಿಂದ

ಅದೇ. ಆರು ಮತ್ತು ಎರಡನ್ನು ಜೋಡಿಸಿದರೆ ಎಂಟು. ಅದರ ಮೇಲೆ ಪಿಸಿಐ-ಇ ಅಂತ ಬರೆದಿದೆಯಾ ನೋಡಿಕೊಳ್ಳಿ. ಪ್ರೊಸೆಸರ್‌ಗೆ ಹೋಗುವ 4+4 ವೈರ್ ಬೇರೆ, ಅದನ್ನು ಕಾರ್ಡ್‌ಗೆ ಹಾಕಲು ಹೋಗಬೇಡಿ.